ಮನೆಯನ್ನು ಕಾಣದ ತೆರಿಗೆ, ದೊಡ್ಡವರ ಕಡೆ ವಾಲುವ ಮಾರುಕಟ್ಟೆ

ಉಡುಪಿಯ ಒಂದೇ ಬೀದಿಯಲ್ಲಿ ಎರಡು ಮನೆ ಇದೆ ಅಂದುಕೊಳ್ಳಿ. ಮೊದಲ ಮನೆಯಲ್ಲಿ ಗಂಡ, ಹೆಂಡತಿ ಇಬ್ಬರೂ ದುಡಿಯುತ್ತಾರೆ. ತಲಾ 12 ಲಕ್ಷ ರೂಪಾಯಿ ಆದಾಯ. ಎರಡನೇ ಮನೆಯಲ್ಲಿ ಗಂಡನದು ವ್ಯಾಪಾರ, ವರ್ಷಕ್ಕೆ 24 ಲಕ್ಷ ಲಾಭ. ಹೆಂಡತಿ ಕೆಲಸ ಬಿಟ್ಟು ಹಾಸಿಗೆ ಹಿಡಿದ ಅತ್ತೆಯನ್ನೂ ಇಬ್ಬರು ಮಕ್ಕಳನ್ನೂ ನೋಡಿಕೊಳ್ಳುತ್ತಾರೆ. ಎರಡೂ ಮನೆಗೆ ಬರುವ ದುಡ್ಡು ಒಂದೇ. 2025-26ನೇ ಸಾಲಿಗೆ ಹೊಸ ತೆರಿಗೆ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ ಮೊದಲ ಮನೆಯ ಆದಾಯ ತೆರಿಗೆ ಸೊನ್ನೆ. ಎರಡನೇ ಮನೆಯದು ಸೆಸ್ ಸೇರಿ 3,12,000 ರೂಪಾಯಿ.

ಸಿಎ ಆಗಿ ನಾನು ಈ ಲೆಕ್ಕವನ್ನು ಕಕ್ಷಿದಾರರಿಗೆ ತೋರಿಸಿದಾಗ ಅವರು ಮೊದಲು ಹೇಳುವುದು, ‘ಸರ್, ಎಲ್ಲಿಯೋ ತಪ್ಪಿದೆ, ಇನ್ನೊಮ್ಮೆ ನೋಡಿ.’ ತಪ್ಪಿಲ್ಲ. ನಮ್ಮ ಕಾನೂನಿಗೆ ಕಾಣುವುದು ಒಬ್ಬೊಬ್ಬ ವ್ಯಕ್ತಿ ಮಾತ್ರ. ಅವನ ಹಿಂದೆ ಎಷ್ಟು ಜನ ಊಟಕ್ಕೆ ಕೂರುತ್ತಾರೆ ಎಂಬುದು ಅದಕ್ಕೆ ಬೇಕಾಗಿಲ್ಲ. ಸೊಸೆ ಮನೆಯಲ್ಲಿ ಮಾಡುವ ಆರೈಕೆಯನ್ನೇ ಸಂಬಳ ಕೊಟ್ಟು ಹೋಮ್ ನರ್ಸ್ ಕೈಯಲ್ಲಿ ಮಾಡಿಸಿದರೆ ಅದು ದೇಶದ ಉತ್ಪನ್ನದ ಲೆಕ್ಕಕ್ಕೆ ಸೇರುತ್ತದೆ. ಸೊಸೆ ಮಾಡಿದರೆ ಎಲ್ಲಿಯೂ ಸೇರುವುದಿಲ್ಲ.

ಹಾಗಂತ ಕಾನೂನಿಗೆ ಕುಟುಂಬ ಗೊತ್ತೇ ಇಲ್ಲ ಅಂತಲ್ಲ. ಆ ವ್ಯಾಪಾರಿ ತನ್ನ ಹಣವನ್ನು ಹೆಂಡತಿಯ ಹೆಸರಿನಲ್ಲಿ ಎಫ್‌ಡಿ ಇಟ್ಟರೆ, ಅದರ ಬಡ್ಡಿಯನ್ನು ಅವನ ಆದಾಯಕ್ಕೇ ಸೇರಿಸಬೇಕು. ಇದಕ್ಕೆ ಕ್ಲಬ್ಬಿಂಗ್ ಎನ್ನುತ್ತೇವೆ. ತೆರಿಗೆ ವಸೂಲು ಮಾಡುವಾಗ ಗಂಡ, ಹೆಂಡತಿ ಒಂದು. ರಿಯಾಯಿತಿ ಕೊಡುವಾಗ ಬೇರೆ ಬೇರೆ. ಹಿಂದೂ ಅವಿಭಕ್ತ ಕುಟುಂಬಕ್ಕೆ ಪ್ರತ್ಯೇಕ ಪ್ಯಾನ್ ಪಡೆದು ಬೇರೆ ತೆರಿಗೆದಾರನಾಗುವ ಅವಕಾಶವೇನೋ ಇದೆ. ಆದರೆ ದುಡಿಮೆಯ ಆದಾಯಕ್ಕೆ ಅದರಿಂದ ಪ್ರಯೋಜನವಿಲ್ಲ. ಮಂಗಳೂರಿನ ಕೆಥೋಲಿಕ್ ಕುಟುಂಬಕ್ಕೋ ಬ್ಯಾರಿ ಮುಸ್ಲಿಂ ಕುಟುಂಬಕ್ಕೋ ಆ ಅವಕಾಶವೇ ಇಲ್ಲ. ಅವರ ಮನೆಯಲ್ಲೂ ವಯಸ್ಸಾದವರಿದ್ದಾರೆ, ಅಲ್ವಾ?

ನಾನು ಹಳೆಯದನ್ನು ಉಳಿಸಬೇಕು ಎನ್ನುವ ಪಂಗಡದವನು. ಕೂಡಿ ಬಾಳುವ ಮನೆ, ಉಳಿತಾಯ, ಸ್ವಂತ ಅಂಗಡಿ, ಕೊಟ್ಟ ಮಾತು, ಊರಿನವರೇ ಕಟ್ಟಿದ ಸಂಸ್ಥೆ, ಇವೆಲ್ಲ ಒಂದು ಸಮಾಜದ ಬೆನ್ನೆಲುಬು ಎಂದು ನಂಬಿದವನು. ಸರ್ಕಾರ ಎಲ್ಲದರಲ್ಲೂ ಮೂಗು ತೂರಿಸುವುದು ನನಗೆ ಇಷ್ಟವಿಲ್ಲ. ಆದರೆ ಹೀಗೆ ನಂಬುವ ನನ್ನ ಗೆಳೆಯರಲ್ಲಿ ಬಹಳ ಜನ ಮುಕ್ತ ಮಾರುಕಟ್ಟೆಯನ್ನೂ ಅದೇ ಉಸಿರಿನಲ್ಲಿ ಹೊಗಳುತ್ತಾರೆ. ನನಗದು ಒಪ್ಪಿಗೆಯಿಲ್ಲ. ನಾವು ಉಳಿಸಬೇಕು ಎನ್ನುವುದನ್ನೆಲ್ಲ ಸರ್ಕಾರದಷ್ಟೇ ಚೆನ್ನಾಗಿ ಮಾರುಕಟ್ಟೆಯೂ ಕರಗಿಸುತ್ತದೆ. ಅದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ಬ್ಯಾಲೆನ್ಸ್ ಶೀಟಿನಲ್ಲಿ ನೋಡುತ್ತಿದ್ದೇನೆ.

ಬ್ರಿಟನ್ನಿನಲ್ಲಿ 1846ರಲ್ಲಿ ಪ್ರಧಾನಿ ರಾಬರ್ಟ್ ಪೀಲ್ ಧಾನ್ಯದ ಆಮದು ಸುಂಕದ ಕಾಯ್ದೆ ತೆಗೆದುಹಾಕಲು ಹೊರಟಾಗ ಅವರದೇ ಕನ್ಸರ್ವೇಟಿವ್ ಪಕ್ಷ ಒಡೆಯಿತು. ಮುಕ್ತ ವ್ಯಾಪಾರ ಹಳ್ಳಿಯ ಬದುಕನ್ನು ಕೆಡಿಸುತ್ತದೆ ಎಂದು ಎದ್ದು ನಿಂತವರು ಅದೇ ಪಕ್ಷದ ಡಿಸ್ರೇಲಿಯಂಥ ಸಂಪ್ರದಾಯವಾದಿಗಳು. ಅಂದು ಅಗ್ಗದ ರೊಟ್ಟಿ ಬೇಕಾಗಿದ್ದ ಬಡವರ ಪಾಲಿಗೆ ಪೀಲ್ ಮಾಡಿದ್ದು ಸರಿ, ಅದನ್ನು ಒಪ್ಪುತ್ತೇನೆ. ಜರ್ಮನಿಯಲ್ಲಿ 1883ರಲ್ಲಿ ಕಾರ್ಮಿಕರಿಗೆ ಆರೋಗ್ಯ ವಿಮೆ ತಂದ ಚಾನ್ಸಲರ್ ಬಿಸ್ಮಾರ್ಕ್ ಕೂಡ ಎಡಪಂಥೀಯ ಅಲ್ಲ. ಅದೇ ದೇಶ 1958ರಿಂದ ಗಂಡ, ಹೆಂಡತಿಯ ಆದಾಯ ಕೂಡಿಸಿ, ಎರಡು ಭಾಗ ಮಾಡಿ ತೆರಿಗೆ ಹಾಕುತ್ತಿದೆ. ಫ್ರಾನ್ಸ್ 1945ರಿಂದ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕುಟುಂಬ ಪದ್ಧತಿಯ ಬಗ್ಗೆ ವೇದಿಕೆಯಲ್ಲಿ ನಾವು ಮಾತಾಡುವಷ್ಟು ಅವರು ಮಾತಾಡುವುದಿಲ್ಲ. ಆದರೆ ಕಾನೂನಿನಲ್ಲಿ ಬರೆದಿಟ್ಟಿದ್ದಾರೆ.

ನಮ್ಮಲ್ಲಿ ಆದದ್ದು ಉಲ್ಟಾ. ಹಳೆಯ ಪದ್ಧತಿಯಲ್ಲಿ ಎಲ್‌ಐಸಿ, ಪಿಪಿಎಫ್, ಮಕ್ಕಳ ಶಾಲೆಯ ಫೀಸು ಇವಕ್ಕೆಲ್ಲ 1.5 ಲಕ್ಷದವರೆಗೆ ವಿನಾಯಿತಿ ಇತ್ತು. ತಂದೆ ತಾಯಿಯ ಆರೋಗ್ಯ ವಿಮೆಗೆ, ವಾಸದ ಮನೆಯ ಸಾಲದ ಬಡ್ಡಿಗೆ ಬೇರೆ. 2020ರ ಬಜೆಟ್‌ನಲ್ಲಿ ಬಂದ ಹೊಸ ಪದ್ಧತಿಯಲ್ಲಿ ಇವು ಯಾವುವೂ ಇಲ್ಲ. 2023-24ರಿಂದ ಕೇಳದಿದ್ದರೆ ಸಿಗುವುದು ಹೊಸ ಪದ್ಧತಿಯೇ. ದರ ಕಡಿಮೆ, ಲೆಕ್ಕ ಸುಲಭ, ಅದು ನಿಜ. ಹೆಚ್ಚಿನವರಿಗೆ ನಾನೂ ಅದನ್ನೇ ಆರಿಸಿಕೊಡುತ್ತೇನೆ, ಯಾಕೆಂದರೆ ತೆರಿಗೆ ಕಡಿಮೆ ಬರುತ್ತದೆ. ಆದರೆ ಅದರ ಹಿಂದಿನ ಯೋಚನೆ ಗಮನಿಸಿ: ನಿನ್ನ ಕೈಗೆ ದುಡ್ಡು ಕೊಟ್ಟಿದ್ದೇವೆ, ಉಳಿಸುತ್ತೀಯೋ ಖರ್ಚು ಮಾಡುತ್ತೀಯೋ ನಿನಗೆ ಬಿಟ್ಟದ್ದು. ಖರ್ಚು ಮಾಡಿದರೆ ಮಾರುಕಟ್ಟೆಗೆ ಒಳ್ಳೆಯದು. ಈಗ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರ ರಿಟರ್ನ್ ನೋಡುವಾಗ ನನಗೆ ಬೇಸರವಾಗುತ್ತದೆ. ಮಾರ್ಚ್‌ನಲ್ಲಿ ತೆರಿಗೆ ಉಳಿಸುವುದಕ್ಕಾದರೂ ಒಂದು ಪಿಪಿಎಫ್ ಖಾತೆ ತೆರೆಯುತ್ತಿದ್ದರು. ಈಗ ಆ ನೆಪವೂ ಇಲ್ಲ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಎಂಬ ಸಣ್ಣ ಉಳಿತಾಯ ಶುರು ಮಾಡಿದ ಜಿಲ್ಲೆ ಇದು. ಉಳಿತಾಯ ತಾನಾಗಿ ಹುಟ್ಟುವ ಗುಣ ಅಲ್ಲ, ಯಾರಾದರೂ ಮನೆ ಬಾಗಿಲಿಗೆ ಬಂದು ಅಭ್ಯಾಸ ಮಾಡಿಸಬೇಕು ಎಂದು ಇಲ್ಲಿನ ಹಿರಿಯರಿಗೆ ಗೊತ್ತಿತ್ತು.

ಇನ್ನು ವ್ಯಾಪಾರಕ್ಕೆ ಬರೋಣ. ನಮ್ಮ ಕರಾವಳಿಯ ಹಾರ್ಡ್‌ವೇರ್ ಅಂಗಡಿ, ಗೇರುಬೀಜ ಕಾರ್ಖಾನೆ, ಐಸ್ ಪ್ಲಾಂಟ್, ಬಟ್ಟೆ ಅಂಗಡಿಗಳಲ್ಲಿ ಅಣ್ಣತಮ್ಮಂದಿರ ಪಾರ್ಟ್‌ನರ್‌ಶಿಪ್ ಫರ್ಮ್‌ಗಳು ಜಾಸ್ತಿ. ಫರ್ಮ್‌ನ ಲಾಭಕ್ಕೆ ಮೊದಲ ರೂಪಾಯಿಯಿಂದಲೇ ಶೇಕಡಾ 30 ತೆರಿಗೆ, ಸೆಸ್ ಸೇರಿ 31.2. ಲಾಭ ಕೋಟಿ ದಾಟಿದರೆ ಸರ್‌ಚಾರ್ಜ್ ಎಂಬ ಹೆಚ್ಚುವರಿ ತೆರಿಗೆ ಬೇರೆ. ಕಂಪನಿಗಳಿಗೆ 2019ರ ಸೆಪ್ಟೆಂಬರ್‌ನಲ್ಲಿ ದರವನ್ನು ಶೇಕಡಾ 22ಕ್ಕೆ ಇಳಿಸಿದರು. ಎಲ್ಲ ಸೇರಿ 25.17. ಫರ್ಮ್‌ಗೆ ಆ ಭಾಗ್ಯ ಬರಲಿಲ್ಲ.

ಇದಕ್ಕೆ ಅರ್ಥಶಾಸ್ತ್ರದವರು ಕೊಡುವ ಉತ್ತರ ನನಗೆ ಗೊತ್ತು. ಕಂಪನಿ ಡಿವಿಡೆಂಡ್ ಕೊಟ್ಟರೆ ಅದಕ್ಕೆ ಷೇರುದಾರ ಮತ್ತೆ ತೆರಿಗೆ ಕಟ್ಟಬೇಕು, ಫರ್ಮ್‌ನ ಪಾಲುದಾರನಿಗೆ ಲಾಭದ ಪಾಲಿನ ಮೇಲೆ ಎರಡನೇ ತೆರಿಗೆ ಇಲ್ಲ, ಸಂಬಳವನ್ನೂ ಒಂದು ಮಿತಿಯೊಳಗೆ ಕಳೆಯಬಹುದು. ಸರಿ. ಆದರೆ ಲಾಭವನ್ನು ಮನೆಗೆ ಒಯ್ಯದೆ ವ್ಯಾಪಾರದಲ್ಲೇ ಬಿಟ್ಟು ಬೆಳೆಸುವವರ ಲೆಕ್ಕ ನೋಡಿ. ಅಲ್ಲಿ ಕಂಪನಿಗೆ ನೂರು ರೂಪಾಯಿ ಲಾಭಕ್ಕೆ ಆರು ರೂಪಾಯಿ ತೆರಿಗೆ ಕಡಿಮೆ. ಆ ಕಾರಣಕ್ಕೆ ನಾನು ಎಷ್ಟೋ ಕುಟುಂಬಗಳಿಗೆ ಪ್ರೈವೇಟ್ ಲಿಮಿಟೆಡ್ ಮಾಡಿಕೊಳ್ಳಿ ಎಂದು ಹೇಳಿದ್ದೇನೆ. ಅದು ನನ್ನ ಕೆಲಸ.

ಆದರೆ ಅಲ್ಲಿ ಏನು ಕಳೆದುಹೋಗುತ್ತದೆ ಎಂದೂ ಹೇಳಬೇಕು. ಪಾರ್ಟ್‌ನರ್‌ಶಿಪ್‌ನಲ್ಲಿ ವ್ಯಾಪಾರ ಮುಳುಗಿದರೆ ಪಾಲುದಾರನ ಮನೆ, ತೋಟ, ಹೆಂಡತಿಗೆ ಮಾಡಿಸಲು ಇಟ್ಟ ಬಂಗಾರದ ದುಡ್ಡು ಎಲ್ಲವೂ ಸಾಲಕ್ಕೆ ಹೊಣೆ. ಅವನು ಪೂರ್ತಿಯಾಗಿ ತನ್ನ ಮಾತಿನ ಹಿಂದೆ ನಿಂತಿರುತ್ತಾನೆ. ಬಂದರಿನ ಸಗಟು ವ್ಯಾಪಾರಿಗಳು ಒಂದು ಚೀಟಿ ನಂಬಿ ಲಕ್ಷಗಟ್ಟಲೆ ಮಾಲು ಕೊಡುತ್ತಿದ್ದದ್ದು ಈ ಧೈರ್ಯದ ಮೇಲೆ. ಕಂಪನಿಯಲ್ಲಿ ಹೊಣೆ ಷೇರಿನ ಮಟ್ಟಕ್ಕೆ ನಿಂತುಬಿಡುತ್ತದೆ. ಅಂದರೆ ಮನೆಮಠ ಒತ್ತೆಯಿಟ್ಟು ವ್ಯಾಪಾರ ಮಾಡುವವನಿಗೆ ತೆರಿಗೆ ಜಾಸ್ತಿ, ನಷ್ಟದ ಹೊಣೆಯನ್ನು ಮಿತಿಯಲ್ಲಿ ಇಟ್ಟುಕೊಂಡವನಿಗೆ ಕಡಿಮೆ. ಹೊಣೆಗಾರಿಕೆಯನ್ನು ಗೌರವಿಸುವ ಯಾವ ಸಂಪ್ರದಾಯವಾದಿಯೂ ಇದನ್ನು ಸರಿ ಎನ್ನಲಾರ. ಕಂಪನಿಗಳು ಬೇಡ ಅಂತ ನಾನು ಹೇಳುತ್ತಿಲ್ಲ. ದರ ಒಂದೇ ಇರಲಿ.

ಸಣ್ಣ ಅಂಗಡಿಯ ಕಥೆ ಇನ್ನೂ ಕಷ್ಟದ್ದು. 1.5 ಕೋಟಿಯೊಳಗೆ ಟರ್ನೋವರ್ ಇರುವವರು ಜಿಎಸ್‌ಟಿಯಲ್ಲಿ ಕಂಪೋಸಿಷನ್ ಸ್ಕೀಮ್ ತೆಗೆದುಕೊಳ್ಳಬಹುದು, ಶೇಕಡಾ ಒಂದು ಕಟ್ಟಿದರೆ ಆಯಿತು. ಕೇಳಲು ಚೆಂದ. ಆದರೆ ಅವರಿಂದ ಕೊಂಡವರಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಿಂದ ಕಳೆಯುವ ಅವಕಾಶ, ಸಿಗುವುದಿಲ್ಲ. ಹಾಗಾಗಿ ಕ್ರೆಡಿಟ್ ಬೇಕಾದ ದೊಡ್ಡ ಖರೀದಿದಾರರು ಅವರ ಕಡೆ ತಲೆ ಹಾಕುವುದಿಲ್ಲ. ಬೇರೆ ರಾಜ್ಯಕ್ಕೆ ಮಾಲು ಕಳಿಸುವಂತಿಲ್ಲ. ನಮ್ಮೂರಿಗೆ ಇದು ದೊಡ್ಡ ಪೆಟ್ಟು. ತೊಕ್ಕೊಟ್ಟಿನ ಅಂಗಡಿಯವರು ತಲಪಾಡಿ ದಾಟಿ ಕೇರಳದ ಮಂಜೇಶ್ವರಕ್ಕೆ ಟೆಂಪೋದಲ್ಲಿ ಮಾಲು ಇಳಿಸಿದರೆ ಅದು ಅಂತರರಾಜ್ಯ ವ್ಯಾಪಾರ! ಅವರ ಅಜ್ಜನ ಕಾಲದಿಂದ ಅಲ್ಲಿ ಗಿರಾಕಿಗಳಿದ್ದಾರೆ. ಆ ಗಿರಾಕಿಗಳನ್ನು ಉಳಿಸಿಕೊಳ್ಳಬೇಕಾದರೆ ಸ್ಕೀಮ್ ಬಿಡಬೇಕು, ಪೂರ್ತಿ ಲೆಕ್ಕ ಇಡಬೇಕು, ನನ್ನಂಥವನಿಗೆ ಫೀಸು ಕೊಡಬೇಕು. ದೊಡ್ಡ ಕಂಪನಿಗೆ ಈ ಖರ್ಚು ಲೆಕ್ಕಕ್ಕೇ ಇಲ್ಲ.

ಅದರ ಮೇಲೆ ಆನ್‌ಲೈನ್ ರಿಯಾಯಿತಿ. ಹೂಡಿಕೆದಾರರ ದುಡ್ಡಿನಲ್ಲಿ ವರ್ಷಗಟ್ಟಲೆ ನಷ್ಟಕ್ಕೆ ಮಾರುವವರ ಜೊತೆ ಬೀದಿಯ ದಿನಸಿ ಅಂಗಡಿ ಪೈಪೋಟಿ ಮಾಡಬೇಕು. ವ್ಯಾಪಾರದ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ದು ಲಾಭದಿಂದ ಕಳೆಯಬಹುದು ಎಂದು ಕಾನೂನು ಎಲ್ಲರಿಗೂ ಹೇಳುತ್ತದೆ. ಆದರೆ ಎಂಟು ವರ್ಷ ನಷ್ಟ ತಡೆದುಕೊಳ್ಳುವ ಶಕ್ತಿ ಯಾರಿಗಿದೆ? ಇಂಥ ಪೈಪೋಟಿಗೆ ಮುಕ್ತ ಎಂಬ ಹೆಸರು ಹೊಂದುವುದಿಲ್ಲ. ‘ಎಂತ ಮಾಡುವುದು ಮಾರಾಯ್ರೆ, ನನ್ನ ಕೊಂಡ ರೇಟಿಗಿಂತ ಅವರ ಮಾರುವ ರೇಟು ಕಮ್ಮಿ’ ಎಂದು ವ್ಯಾಪಾರಿಯೊಬ್ಬರು ನನ್ನೆದುರು ಬಿಲ್ಲು ಇಟ್ಟು ಹೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಅವರು ಊರಿನ ಜಾತ್ರೆಗೆ, ಶಾಲೆಯ ವಾರ್ಷಿಕೋತ್ಸವಕ್ಕೆ, ಯಕ್ಷಗಾನದ ಆಟಕ್ಕೆ ವಂತಿಗೆ ಕೊಡುವವರು. ಕಷ್ಟದಲ್ಲಿರುವವರಿಗೆ ತಿಂಗಳ ಕೊನೆಯವರೆಗೆ ಕಡ ಕೊಡುವವರು. ಅಂಗಡಿ ಮುಚ್ಚಿದರೆ ಇವೆಲ್ಲ ಒಟ್ಟಿಗೆ ನಿಲ್ಲುತ್ತವೆ.

ಇದರಲ್ಲಿ ಪಕ್ಷಗಳು ಎಲ್ಲಿವೆ? ಎರಡೂ ಒಂದೇ ಕಡೆ ಇವೆ ಎಂಬುದೇ ನನ್ನ ದುಃಖ. 2012ರಲ್ಲಿ ಕಾಂಗ್ರೆಸ್ ನೇತೃತ್ವದ ಸರ್ಕಾರ ಚಿಲ್ಲರೆ ವ್ಯಾಪಾರಕ್ಕೆ ಶೇಕಡಾ 51 ವಿದೇಶಿ ಬಂಡವಾಳ ಬಿಟ್ಟಾಗ ಬಿಜೆಪಿ ಸಣ್ಣ ವ್ಯಾಪಾರಿಗಳ ಪರ ಬೀದಿಗಿಳಿಯಿತು. 2016ರಲ್ಲಿ ಅದೇ ಬಿಜೆಪಿ ಸರ್ಕಾರದ ಸುತ್ತೋಲೆ ಆನ್‌ಲೈನ್ ಮಾರುಕಟ್ಟೆ ವೇದಿಕೆಗಳಿಗೆ ಶೇಕಡಾ 100 ವಿದೇಶಿ ಹೂಡಿಕೆಯ ದಾರಿ ಸ್ಪಷ್ಟ ಮಾಡಿತು. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟ್‌ನ ಹೆಚ್ಚಿನ ಪಾಲು ಕೊಂಡಿತು. ಆ ವರ್ಷದ ಡಿಸೆಂಬರ್‌ನಲ್ಲಿ ನಿಯಮ ಬಿಗಿ ಮಾಡಿದ್ದು ನಿಜ, ಆದರೆ ಅಷ್ಟು ಹೊತ್ತಿಗೆ ಬಾಗಿಲು ತೆರೆದಾಗಿತ್ತು. ಬಿಜೆಪಿಯ ಮೂಲವಾದ ಜನಸಂಘದ ನಾಯಕ ದೀನದಯಾಳ್ ಉಪಾಧ್ಯಾಯರು 1965ರಲ್ಲಿ ಏಕಾತ್ಮ ಮಾನವವಾದ ಎಂದು ಮಂಡಿಸಿದ ವಿಚಾರ ಬಂಡವಾಳಶಾಹಿ, ಕಮ್ಯುನಿಸಂ ಎರಡನ್ನೂ ಒಪ್ಪದ್ದು. ಅವರ ಫೋಟೋಕ್ಕೆ ಹಾರ ಹಾಕುವವರು ಆ ಮಾತನ್ನು ತೆರಿಗೆಯ ಕಾಯ್ದೆ ಬರೆಯುವಾಗ ನೆನಪಿಸಿಕೊಳ್ಳಬೇಕು.

ನಮ್ಮ ಬ್ಯಾಂಕುಗಳ ವಿಷಯದಲ್ಲೂ ಹೀಗೇ ಆಯಿತು. 1906ರಿಂದ 1931ರೊಳಗೆ ಅವಿಭಜಿತ ದಕ್ಷಿಣ ಕನ್ನಡ ಎಂಬ ಈ ಒಂದು ಜಿಲ್ಲೆಯಲ್ಲಿ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಹುಟ್ಟಿದವು. ಅಮ್ಮೆಂಬಳ ಸುಬ್ಬರಾವ್ ಪೈ, ಹಾಜಿ ಅಬ್ದುಲ್ಲಾ, ಟಿ.ಎಂ.ಎ. ಪೈ, ಎ.ಬಿ. ಶೆಟ್ಟಿ ಇವರಿಗೆ ಸಬ್ಸಿಡಿ ಕೊಟ್ಟವರಿಲ್ಲ, ವಿದೇಶಿ ಹೂಡಿಕೆ ತಂದುಕೊಟ್ಟವರಿಲ್ಲ. ಕಾಂಗ್ರೆಸ್ ಸರ್ಕಾರ 1969ರಲ್ಲಿ, ಮತ್ತೆ 1980ರಲ್ಲಿ ರಾಷ್ಟ್ರೀಕರಣದ ಹೆಸರಿನಲ್ಲಿ ಇವುಗಳಲ್ಲಿ ನಾಲ್ಕನ್ನು ಊರಿನ ಕೈಯಿಂದ ತೆಗೆದುಕೊಂಡಿತು. ಬಿಜೆಪಿ ಸರ್ಕಾರ ವಿಜಯಾ ಬ್ಯಾಂಕನ್ನು 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಮರುವರ್ಷ ಕಾರ್ಪೊರೇಷನ್ ಬ್ಯಾಂಕನ್ನು ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟನ್ನು ಕೆನರಾಕ್ಕೆ ಸೇರಿಸಿತು. ಮೊದಲಿನದಕ್ಕೆ ಸಮಾಜವಾದ ಎಂದರು, ಎರಡನೆಯದಕ್ಕೆ ದಕ್ಷತೆ ಎಂದರು. ಎರಡು ಸಲವೂ ಕೆಲಸ ಕಳಕೊಂಡದ್ದು ಒಂದೇ: ಸಾಲ ಕೇಳಲು ಬಂದವನ ಅಪ್ಪನನ್ನೂ ಬಲ್ಲ ಮ್ಯಾನೇಜರ್. ಈಗ ಹಿಂದಿನ ಸಾಲ ತೀರಿಸಿದ ಲೆಕ್ಕ ನೋಡಿ ಕೊಡುವ ಸಿಬಿಲ್ ಸ್ಕೋರ್ ಹೇಳಿದ್ದೇ ಕೊನೆ ಮಾತು.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಾಗ ನಡೆದದ್ದು ನಿಮಗೂ ನೆನಪಿರಬಹುದು. ರಾಜ್ಯದ ಕಾಂಗ್ರೆಸ್ ನಾಯಕರು ಜಿಎಸ್‌ಟಿ ಕೇಂದ್ರದ್ದು ಎಂದರು. ಬಿಜೆಪಿಯವರು ನೋಟಿಸ್ ಕೊಟ್ಟದ್ದು ರಾಜ್ಯ ಎಂದರು. ಜಿಎಸ್‌ಟಿ ಮಂಡಳಿಯಲ್ಲಿ ಮೂರನೇ ಒಂದು ಪಾಲು ಮತ ಕೇಂದ್ರದ್ದು, ಉಳಿದದ್ದು ರಾಜ್ಯಗಳದ್ದು. ತೀರ್ಮಾನಕ್ಕೆ ನಾಲ್ಕನೇ ಮೂರರಷ್ಟು ಬೇಕು. ಇಬ್ಬರೂ ಒಂದೇ ಮೇಜಿನಲ್ಲಿ ಕೂತವರು. ಹಾಲು, ತರಕಾರಿಯಂಥ ತೆರಿಗೆಯೇ ಇಲ್ಲದ ವಸ್ತು ಮಾರುವವರೂ ಹೆದರಿ ಕ್ಯೂಆರ್ ಕೋಡ್ ತೆಗೆದಿಟ್ಟು ‘ಕ್ಯಾಶ್ ಮಾತ್ರ’ ಎಂದು ಬರೆದರು.

ಪಕ್ಷಗಳು ಹೀಗೆ ಮಾಡುವುದಕ್ಕೆ ಒಂದು ಕಾರಣ ದುಡ್ಡು. ನಿಯಮದಂತೆ ಲೆಕ್ಕಪತ್ರ ಕೊಟ್ಟರೆ ಪಕ್ಷದ ದೇಣಿಗೆಗೆ ಆದಾಯ ತೆರಿಗೆ ಇಲ್ಲ. ಕಂಪನಿಯೊಂದು ತನ್ನ ಸರಾಸರಿ ಲಾಭದ ಶೇಕಡಾ 7.5ಕ್ಕಿಂತ ಹೆಚ್ಚು ಕೊಡಬಾರದು ಎಂಬ ಮಿತಿಯಿತ್ತು. 2017ರಲ್ಲಿ ಅದನ್ನು ತೆಗೆದರು, ಮರುವರ್ಷ ಹೆಸರು ಬಹಿರಂಗವಾಗದೆ ದೇಣಿಗೆ ಕೊಡುವ ಚುನಾವಣಾ ಬಾಂಡ್ ತಂದರು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಎರಡನ್ನೂ ರದ್ದು ಮಾಡಿತು. ಅಷ್ಟರೊಳಗೆ ಬಾಂಡ್ ದುಡ್ಡು ಆಳುವ ಪಕ್ಷಕ್ಕೂ ಹೋಗಿತ್ತು, ವಿರೋಧ ಪಕ್ಷಗಳಿಗೂ ಹೋಗಿತ್ತು. ಇನ್ನೊಂದು ಕಾರಣ ನಾವು. ಕರಾವಳಿಯಲ್ಲಿ ಮತ ಕೇಳಲು ಬಂದವರ ಹತ್ತಿರ ನಾವು ತೆರಿಗೆಯ ಬಗ್ಗೆ ಕೇಳುವುದೇ ಇಲ್ಲ. ಸಂಸ್ಕೃತಿ ಉಳಿಸುತ್ತೇವೆ ಎಂದರೆ ಸಾಕು, ಒಪ್ಪಿಬಿಡುತ್ತೇವೆ. ಸಂಸ್ಕೃತಿ ಎಲ್ಲಿ ಬದುಕುತ್ತದೆ? ಅತ್ತೆಯ ಆರೈಕೆ ಮಾಡುವ ಮನೆಯಲ್ಲಿ, ಅಣ್ಣತಮ್ಮಂದಿರ ಅಂಗಡಿಯಲ್ಲಿ, ಊರಿನವರ ಸಹಕಾರಿ ಸಂಘದಲ್ಲಿ.

ದಾರಿ ಇಲ್ಲದೆ ಇಲ್ಲ. 2025ರ ಬಜೆಟ್‌ಗೆ ಮುಂಚೆ ನಮ್ಮ ಲೆಕ್ಕಪರಿಶೋಧಕರ ಸಂಸ್ಥೆಯೇ ದಂಪತಿಗಳಿಗೆ ಜಂಟಿ ರಿಟರ್ನ್ ಆಯ್ಕೆ ಕೊಡಿ ಎಂದು ಸಲಹೆ ಕೊಟ್ಟಿತ್ತು. ಅದು ಆಗಲಿಲ್ಲ. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಬರುವಂತೆ 2025ರಲ್ಲಿ ಮಾಡಿದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಅದು ಇಲ್ಲ. ಆದರೆ ಪ್ರತಿ ಬಜೆಟ್‌ಗೆ ಮುಂಚೆ ಹಣಕಾಸು ಸಚಿವಾಲಯ ಸಾರ್ವಜನಿಕರಿಂದ ಸಲಹೆ ಕೇಳುತ್ತದೆ, ಯಾರು ಬೇಕಾದರೂ ಬರೆಯಬಹುದು. ಜಂಟಿ ರಿಟರ್ನ್, ಫರ್ಮ್‌ಗೂ ಕಂಪನಿಗೂ ಒಂದೇ ದರ, ಕಂಪೋಸಿಷನ್‌ನಲ್ಲಿರುವವರಿಗೆ ನೆರೆಯ ರಾಜ್ಯಕ್ಕೆ ಮಾರುವ ಅವಕಾಶ, ಈ ಮೂರನ್ನು ನಾನು ಬರೆದು ಕಳಿಸುತ್ತೇನೆ. ಮೂರನೆಯದನ್ನು ತೀರ್ಮಾನಿಸುವುದು ಜಿಎಸ್‌ಟಿ ಮಂಡಳಿ, ಹಾಗಾಗಿ ಅದರ ಒಂದು ನಕಲು ನಮ್ಮ ರಾಜ್ಯದ ಹಣಕಾಸು ಇಲಾಖೆಗೂ ಹೋಗಬೇಕು. ನಿಮ್ಮ ಅಂಗಡಿಯ, ನಿಮ್ಮ ಮನೆಯ ಲೆಕ್ಕ ಇಟ್ಟುಕೊಂಡು ನೀವೂ ಬರೆಯಿರಿ. ಮುಂದಿನ ಸಲ ಅಭ್ಯರ್ಥಿ ಅಂಗಳಕ್ಕೆ ಬಂದಾಗ, ಯಾವ ಪಕ್ಷದವರೇ ಆಗಲಿ, ಈ ಮೂರರಲ್ಲಿ ಯಾವುದನ್ನು ಸದನದಲ್ಲಿ ಎತ್ತುತ್ತೀರಿ ಎಂದು ಕೇಳಿ.