ನಂದಿನಿ ಹಾಲು, ನಂದಿನಿ ಡೀಲಕ್ಸ್: ಒಂದೇ ಹೆಸರಿಗೆ ಸುಪ್ರೀಂ ಕೋರ್ಟ್‌ವರೆಗೆ ಹೋದ ಜಗಳ

ನಂದಿನಿ ಹಾಲಿನ ಬೂತಿಗೆ ಹೋಗಿ ಯಾರೂ ಬಿರಿಯಾನಿ ಕೇಳುವುದಿಲ್ಲ. ನಂದಿನಿ ಡೀಲಕ್ಸ್ ಹೋಟೆಲಿನಲ್ಲಿ ಕೂತು ಅರ್ಧ ಲೀಟರ್ ಪ್ಯಾಕೆಟ್ ಕೊಡಿ ಅನ್ನುವವರೂ ಇಲ್ಲ. ಆದರೂ ಈ ಇಬ್ಬರ ಟ್ರೇಡ್‌ಮಾರ್ಕ್ ಜಗಳ ವರ್ಷಗಟ್ಟಲೆ ನಡೆಯಿತು.

ಕೆಎಂಎಫ್ (ಕರ್ನಾಟಕ ಹಾಲು ಮಹಾಮಂಡಳ) 1985ರಿಂದ ಈ ಹೆಸರಲ್ಲಿ ಹಾಲು ಮಾರುತ್ತಿದೆ, ಹೆಸರನ್ನು ನೋಂದಣಿ ಕೂಡ ಮಾಡಿಸಿದೆ. ಹೋಟೆಲಿನವರು ಬಳಸಲು ಶುರು ಮಾಡಿದ್ದು 1989ರಲ್ಲಿ, ಇಂಗ್ಲಿಷ್ ಬರಹದಲ್ಲಿ ಒಂದು 'ಎಚ್' ಜಾಸ್ತಿ ಇಟ್ಟುಕೊಂಡು. ಮುಂದೆ ಅವರೂ ನೋಂದಣಿಗೆ ಅರ್ಜಿ ಹಾಕಿದಾಗ ಕೆಎಂಎಫ್ ಅಡ್ಡ ಬಂತು.

ಇಲ್ಲಿ 'ಕ್ಲಾಸ್' ಅನ್ನುವುದೇ ದೊಡ್ಡ ತಲೆನೋವು. ಟ್ರೇಡ್‌ಮಾರ್ಕ್ ನೋಂದಣಿಗೆಂದು ಸರಕು, ಸೇವೆ ಎಲ್ಲವನ್ನೂ 45 ಕ್ಲಾಸ್‌ಗಳಾಗಿ ಹಂಚಿದ್ದಾರೆ, ಆದರೆ 29ನೇ ಕ್ಲಾಸ್ ತೆಗೆದು ನೋಡಿದರೆ ಹಾಲಿನ ಪಕ್ಕದಲ್ಲೇ ಮಾಂಸ, ಮೀನು, ಮೊಟ್ಟೆ ಕೂತಿರುತ್ತವೆ. ಕಾಫಿ, ಟೀ, ಮಸಾಲೆ 30ನೇದರಲ್ಲಿ. ಒಂದೇ ಕ್ಲಾಸ್, ಒಂದೇ ಹೆಸರು, ಜನ ಗೊಂದಲಕ್ಕೆ ಬೀಳುತ್ತಾರೆ ಅನ್ನುವುದು ಕೆಎಂಎಫ್ ವಾದ.

2007ರಲ್ಲಿ ಟ್ರೇಡ್‌ಮಾರ್ಕ್ ಕಚೇರಿಯ ಡೆಪ್ಯುಟಿ ರಿಜಿಸ್ಟ್ರಾರ್ ಈ ವಾದವನ್ನು ಒಪ್ಪಲಿಲ್ಲ. 2011ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ಆ ಆದೇಶವನ್ನು ತಿರುಗಿಸಿತು (ಆ ಮಂಡಳಿಯೇ ಈಗಿಲ್ಲ, 2021ರಲ್ಲಿ ಕೇಂದ್ರ ಸರ್ಕಾರ ಅದನ್ನು ಮುಚ್ಚಿತು). 2014ರಲ್ಲಿ ಹೈಕೋರ್ಟ್ ಕೂಡ ಕೆಎಂಎಫ್ ಕಡೆಗೇ ನಿಂತಿತು.

2018ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಎ.ಕೆ. ಸಿಕ್ರಿ ಮತ್ತು ಅಶೋಕ್ ಭೂಷಣ್ ಅವರ ಪೀಠ ಎಲ್ಲವನ್ನೂ ಮತ್ತೆ ಬುಡಮೇಲು ಮಾಡಿತು. ಕೋರ್ಟ್ ಎರಡು ಲೋಗೋಗಳನ್ನೂ ಎದುರಿಗಿಟ್ಟುಕೊಂಡು ನೋಡಿತು: ಹೋಟೆಲಿನದರಲ್ಲಿ ದೀಪ, ಕೆಎಂಎಫ್‌ನದರಲ್ಲಿ ಮೊಟ್ಟೆಯಾಕಾರದೊಳಗೆ ಹಸು. ನಂದಿನಿ ಅಂದರೆ ದೇವತೆ, ಪುರಾಣದ ಹಸು, ಕೆಎಂಎಫ್ ಹುಟ್ಟಿಸಿದ ಹೆಸರೇನಲ್ಲ. ಅದೂ ಅಲ್ಲದೆ, ಕ್ಲಾಸ್‌ನಲ್ಲಿ ಒಂದು ಸರಕಿಗೆ ಹೆಸರು ನೋಂದಾಯಿಸಿದ ಮಾತ್ರಕ್ಕೆ ಇಡೀ ಕ್ಲಾಸ್ ನಿಮ್ಮದಾಗುವುದಿಲ್ಲ.

ನನಗೆ ಈ ತೀರ್ಪು ಸರಿ ಅನ್ನಿಸುತ್ತದೆ. ದೇವರ ಹೆಸರಲ್ಲಿ ಅಂಗಡಿ ತೆರೆಯುವ ಊರಲ್ಲಿ ಬೇರೆ ತೀರ್ಪು ಬಂದಿದ್ದರೆ ಗಣೇಶ, ಲಕ್ಷ್ಮಿ, ಮಂಜುನಾಥ ಎಲ್ಲರಿಗೂ ನೋಟಿಸ್ ಹೋಗುತ್ತಿತ್ತು, ಅಲ್ವಾ? ಹಾಗಂತ ಕೆಎಂಎಫ್ ಬರಿಗೈಯಲ್ಲಿ ಹೋಗಲಿಲ್ಲ. ಹಾಲು, ಹಾಲಿನ ಪದಾರ್ಥಗಳಿಗೆ ನೋಂದಣಿ ಕೇಳುವುದಿಲ್ಲ ಎಂದು ಹೋಟೆಲಿನವರೇ ಒಪ್ಪಿಕೊಂಡರು, ಅವನ್ನು ಬಿಟ್ಟು ಉಳಿದದ್ದಕ್ಕೆ ಕೋರ್ಟ್ ಅಸ್ತು ಅಂದಿತು.