ಬಾಂಬ್ ಬಿದ್ದ ಎರಡು ಊರು, ಎರಡು ಥರದ ಎತ್ತರ

ಯುರೋಪಿನ ಹಳೇ ಊರುಗಳಲ್ಲಿ ಎತ್ತರಕ್ಕೆ ಕಾಣೋದು ಸಾಮಾನ್ಯವಾಗಿ ಚರ್ಚಿನ ಗೋಪುರ. ಅದರ ಸುತ್ತ ನಾಲ್ಕೈದು ಮಹಡಿಯ ಮನೆಗಳು, ಅಷ್ಟೇ. ಜರ್ಮನಿಯ ಫ್ರಾಂಕ್‌ಫರ್ಟ್ ಮತ್ತು ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಎರಡೂ ದೈತ್ಯ ನಗರಗಳಲ್ಲ. ಮೊದಲನೆಯದರಲ್ಲಿ ಸುಮಾರು 7.5 ಲಕ್ಷ ಜನ, ಎರಡನೆಯದರಲ್ಲಿ 6.5 ಲಕ್ಷದ ಆಸುಪಾಸು. ಆದರೂ ನ್ಯೂಯಾರ್ಕ್‌ನ ಗಗನಚುಂಬಿಗಳ ಮ್ಯಾನ್‌ಹ್ಯಾಟನ್ ನೆನಪಿಸುವ ಹಾಗೆ ಮೈನ್ ನದಿಯ ದಡದ ಫ್ರಾಂಕ್‌ಫರ್ಟ್‌ಗೆ ‘ಮೈನ್‌ಹ್ಯಾಟನ್’ ಅಂತ ಅಡ್ಡಹೆಸರು, ಮಾಸ್ ನದಿಯ ದಡದ ರಾಟರ್‌ಡ್ಯಾಮ್‌ಗೆ ‘ಮಾಸ್ ದಡದ ಮ್ಯಾನ್‌ಹ್ಯಾಟನ್’.

ಎರಡಕ್ಕೂ ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿತ್ತು, ಜಾಗ ಖಾಲಿಯಾಯಿತು, ಅದಕ್ಕೇ ಟವರ್ ಬಂದವು ಅಂತ ಸುಲಭವಾಗಿ ಹೇಳಿಬಿಡಬಹುದು. ಆದರೆ ಬಾಂಬ್ ಬಿದ್ದ ಊರುಗಳು ಇನ್ನೂ ಎಷ್ಟೋ ಇವೆ, ಅಲ್ಲೆಲ್ಲ ಟವರ್ ಎದ್ದಿಲ್ಲ, ಅಲ್ವಾ? ನನಗೆ ಕಾಣುವ ಹಾಗೆ ವಿಷಯ ಬೇರೆ. ಫ್ರಾಂಕ್‌ಫರ್ಟ್‌ಗೆ ಎತ್ತರದ ಕಟ್ಟಡ ಕಟ್ಟುವವರು ತಾವಾಗಿಯೇ ನುಗ್ಗಿ ಬಂದರು, ಊರು ಅವರನ್ನು ಹಿಡಿದು ನಿಲ್ಲಿಸಬೇಕಾಯಿತು. ರಾಟರ್‌ಡ್ಯಾಮ್ ತಾನೇ ಕೈಬೀಸಿ ಕರೆಯಬೇಕಾಯಿತು.

ಫ್ರಾಂಕ್‌ಫರ್ಟ್‌ನ ಹಳೇ ಪೇಟೆ 1944ರ ಮಾರ್ಚ್‌ನ ದಾಳಿಗಳಲ್ಲಿ ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ ಪಶ್ಚಿಮ ಜರ್ಮನಿಯ ರಾಜಧಾನಿ ತನಗೇ ಸಿಗುತ್ತದೆ ಅಂತ ಊರು ಎಷ್ಟು ನಂಬಿತ್ತೆಂದರೆ, ಸಂಸತ್ತಿಗೆ ಅಂತ ಒಂದು ದುಂಡನೆಯ ಕಟ್ಟಡವನ್ನೇ ಕಟ್ಟಲು ಶುರುಮಾಡಿತ್ತು. 1949ರಲ್ಲಿ ರಾಜಧಾನಿ ಬಾನ್ ಪಾಲಾಯಿತು. ಆ ದುಂಡು ಕಟ್ಟಡ ಕೊನೆಗೆ ರೇಡಿಯೋ ಸಂಸ್ಥೆಗೆ ಹೋಯಿತು. ಆದರೆ 1948ರಲ್ಲೇ ಕೇಂದ್ರ ಬ್ಯಾಂಕ್ ಇಲ್ಲಿ ನೆಲೆಯೂರಿತ್ತು, 1957ರಲ್ಲಿ ಅದೇ ಬುಂಡೆಸ್‌ಬ್ಯಾಂಕ್ ಆಯಿತು. ಅದರ ಬೆನ್ನಿಗೆ ದೊಡ್ಡ ಬ್ಯಾಂಕುಗಳೆಲ್ಲ ಬಂದವು. ಮಂತ್ರಿಗಳು ಕೈತಪ್ಪಿದರೂ ದುಡ್ಡು ಕೈಸೇರಿತು.

ಇಷ್ಟಾದರೂ ಅಲ್ಲಿನ 95 ಮೀಟರ್‌ನ ಕೆಥೆಡ್ರಲ್ ಗೋಪುರವನ್ನು ಮೊದಲು ಮೀರಿಸಿದ್ದು ಬ್ಯಾಂಕ್ ಅಲ್ಲ, ಬಿಯರ್ ಕಂಪನಿ. 1961ರಲ್ಲಿ ಹೆನಿಂಗರ್ ಕಂಪನಿ ಬಾರ್ಲಿ ತುಂಬಿಡಲು 120 ಮೀಟರ್‌ನ ಕಣಜ ಎಬ್ಬಿಸಿತು. ಕಾಳು ತುಂಬುವ ಕಣಜ ದೇವರ ಮನೆಗಿಂತ ಎತ್ತರ!

ಗಲಾಟೆ ಶುರುವಾಗಿದ್ದು ವೆಸ್ಟೆಂಡ್ ಬಡಾವಣೆಯಲ್ಲಿ. 1960ರ ದಶಕದ ಕೊನೆಗೆ ನಗರದ ಯೋಜಕರು ಕಚೇರಿಗಳಿಗೆ ಈ ಕಡೆ ದಾರಿ ಬಿಟ್ಟರು. ಹಳೇ ಬಂಗಲೆಗಳನ್ನು ಕೊಂಡು, ಬಾಡಿಗೆದಾರರನ್ನು ಎಬ್ಬಿಸಿ, ಕೆಡವಿ, ಆ ಜಾಗದಲ್ಲಿ ಟವರ್ ಏಳಿಸುವ ದಂಧೆ ಜೋರಾಯಿತು. ನಿವಾಸಿಗಳು ಸಂಘ ಕಟ್ಟಿದರು. ವಿದ್ಯಾರ್ಥಿಗಳು ಖಾಲಿ ಮನೆಗಳಿಗೆ ನುಗ್ಗಿ ಕೂತರು, ಪೊಲೀಸರ ಜೊತೆ ಬೀದಿಕಾಳಗವೇ ಆಯಿತು. ಮುಂದೆ ಜರ್ಮನಿಯ ವಿದೇಶಾಂಗ ಸಚಿವರಾದ ಯೋಷ್ಕಾ ಫಿಷರ್ ಕೂಡ ಆ ಕಾಲದಲ್ಲಿ ಇಂಥ ಬೀದಿಗಲಾಟೆಯಲ್ಲಿದ್ದವರೇ. 1973ರ ಆಗಸ್ಟ್‌ನಲ್ಲಿ, ಇನ್ನೂ ಕಟ್ಟುತ್ತಿದ್ದ ಒಂದು ಟವರ್‌ನ ಮೇಲ್ಭಾಗಕ್ಕೆ ಬೆಂಕಿ ಬಿತ್ತು. ನೋಡಲು ಸಾವಿರಾರು ಜನ ಸೇರಿದರು. ಅವರಲ್ಲಿ ಕೆಲವರು ಕೇಕೆ ಹಾಕಿ ಖುಷಿಪಟ್ಟರು. ಎತ್ತರದ ಕಟ್ಟಡದ ಮೇಲಿನ ಸಿಟ್ಟು ಎಷ್ಟಿತ್ತು ಅಂತ ತಿಳಿಯಲು ಇದೊಂದು ಸಾಕು.

ಆಮೇಲೆ ಊರು ಪಾಠ ಕಲಿಯಿತು. ಟವರ್ ಬೇಡ ಅನ್ನಲಿಲ್ಲ, ಎಲ್ಲೆಂದರಲ್ಲಿ ಬೇಡ ಅಂದಿತು. ಅದಕ್ಕೇ ಇವತ್ತು ಅಲ್ಲಿನ ಎತ್ತರವೆಲ್ಲ ಬ್ಯಾಂಕ್ ವಲಯದಲ್ಲಿ ಒತ್ತೊತ್ತಾಗಿ ಕಾಣುತ್ತದೆ. 1984ರಲ್ಲಿ ಡಾಯ್ಚ ಬ್ಯಾಂಕಿನ 155 ಮೀಟರ್‌ನ ಜೋಡಿ ಟವರ್ ಬಂತು. ಜನ ಅದಕ್ಕೆ ‘ಜಮಾ–ಖರ್ಚು’ ಅನ್ನೋ ಅರ್ಥದ ಹೆಸರಿಟ್ಟರು. 1997ರಲ್ಲಿ ನಾರ್ಮನ್ ಫಾಸ್ಟರ್ ವಿನ್ಯಾಸದ ಕಾಮರ್ಸ್‌ಬ್ಯಾಂಕ್ ಟವರ್, 259 ಮೀಟರ್, ಒಳಗೆ ಮಹಡಿಗಳ ನಡುವೆ ತೋಟಗಳು. ಆಗ ಅದು ಯುರೋಪಿನಲ್ಲೇ ಅತಿ ಎತ್ತರದ ಕಟ್ಟಡ.

ಈಗ ರಾಟರ್‌ಡ್ಯಾಮ್. ಎತ್ತರದ ಹುಚ್ಚು ಈ ಊರಿಗೆ ಯುದ್ಧಕ್ಕಿಂತ ಹಳೆಯದು. 1898ರಲ್ಲೇ ‘ವಿಟ್ಟೆ ಹೌಸ್’ ಅನ್ನೋ 10 ಮಹಡಿಯ, 43 ಮೀಟರ್‌ನ ಕಚೇರಿ ಕಟ್ಟಡ ಎದ್ದಿತ್ತು. 1940ರ ಮೇ 14ರಂದು ಜರ್ಮನ್ ವಿಮಾನಗಳು ಊರಿನ ನಡುಭಾಗವನ್ನು ನೆಲಸಮ ಮಾಡಿ, ಸುಮಾರು 80,000 ಜನ ಮನೆ ಕಳಕೊಂಡಾಗ, ಈ ಕಟ್ಟಡ ಉಳಿಯಿತು.

1946ರ ಹೊಸ ನಕ್ಷೆಯಲ್ಲಿ ಹಳೇ ಬೀದಿಗಳನ್ನು ಮತ್ತೆ ಕಟ್ಟುವ ಮಾತೇ ಇರಲಿಲ್ಲ. ಅಗಲ ರಸ್ತೆ, ದೊಡ್ಡ ಬ್ಲಾಕು. 1953ರಲ್ಲಿ ವಾಹನವೇ ಬಿಡದ ಶಾಪಿಂಗ್ ಬೀದಿ ಲೈನ್‌ಬಾನ್ ತೆರೆಯಿತು. ಆದರೆ ಹತ್ತಿಪ್ಪತ್ತು ವರ್ಷದಲ್ಲಿ ಜನಕ್ಕೆ ಬೇಜಾರು ಬಂತು, ಊರು ತಣ್ಣಗೆ, ಖಾಲಿ ಖಾಲಿ ಅನಿಸಿತು. 1970ರ ದಶಕದಲ್ಲಿ ನಗರಸಭೆ ದಿಕ್ಕು ಬದಲಿಸಿ ಪುಟ್ಟ ಮನೆಗಳ ಕಡೆ ವಾಲಿತು. ಬದಿಗೆ ವಾಲಿಸಿಟ್ಟ ಡಬ್ಬಗಳ ಹಾಗೆ ಕಾಣುವ ಪೀಟ್ ಬ್ಲೋಮ್ ಅವರ ಹಳದಿ ಕ್ಯೂಬ್ ಮನೆಗಳು ಆ ಮನಸ್ಥಿತಿಯ ಕೂಸು. ಫ್ರಾಂಕ್‌ಫರ್ಟ್ ಬೀದಿಯಲ್ಲಿ ಬಡಿದಾಡಿ ಮಾಡಿದ್ದನ್ನು ಇವರು ಸುಮ್ನೆ ಓಟು ಹಾಕಿ ಮಾಡಿದರು.

ಮತ್ತೆ ಎತ್ತರ ಬಂದಿದ್ದು ಹೊಟ್ಟೆಪಾಡಿಗೆ. ಸರಕನ್ನು ಕಂಟೇನರ್ ಅನ್ನೋ ದೊಡ್ಡ ಕಬ್ಬಿಣದ ಪೆಟ್ಟಿಗೆಗಳಲ್ಲಿ ಸಾಗಿಸೋದು ಶುರುವಾದ ಮೇಲೆ ಊರಿನ ಬಂದರು ಸಮುದ್ರದ ಕಡೆ ಸರಿಯಿತು, ಮೂಟೆ ಹೊರುವ ಕೆಲಸ ಹೋಯಿತು, ಊರೊಳಗಿನ ಹಡಗುಕಟ್ಟೆಗಳು ಪಾಳು ಬಿದ್ದವು. 1980ರ ದಶಕದಲ್ಲಿ ಕಂಪನಿಗಳನ್ನು ಕರೆಯೋಕೆ ನಗರಸಭೆಯೇ ಮುಂದೆ ನಿಂತಿತು. 1991ರಲ್ಲಿ ರೈಲು ನಿಲ್ದಾಣದ ಪಕ್ಕ 151 ಮೀಟರ್‌ನ ಡೆಲ್ಫ್ಟ್ಸೆ ಪೋರ್ಟ್, 1996ರಲ್ಲಿ ನದಿಯ ದಕ್ಷಿಣ ದಡಕ್ಕೆ ಎರಾಸ್ಮಸ್ ಸೇತುವೆ. ಸೇತುವೆಯ ಆಚೆ ಇರುವ ವಿಲ್ಹೆಲ್ಮಿನಾ ಧಕ್ಕೆಯಿಂದಲೇ ಒಂದು ಕಾಲದಲ್ಲಿ ವಲಸಿಗರು ನ್ಯೂಯಾರ್ಕ್ ಹಡಗು ಹತ್ತುತ್ತಿದ್ದರು. ಆ ಹಡಗು ಕಂಪನಿಯ ಕಚೇರಿ ಈಗ ‘ಹೋಟೆಲ್ ನ್ಯೂಯಾರ್ಕ್’, ಸುತ್ತಲೂ ಟವರ್‌ಗಳು. ಅಡ್ಡಹೆಸರು ಇವರಿಗೇ ಸ್ವಲ್ಪ ಜಾಸ್ತಿ ಒಪ್ಪುತ್ತದೆ ಅಂತ ನನ್ನ ಅನಿಸಿಕೆ.

ಈಗ ಎರಡೂ ಊರಲ್ಲಿ ಟವರ್ ಅಂದರೆ ಬರೀ ಕಚೇರಿ ಅಲ್ಲ, ಮನೆ ಕೂಡ. ರಾಟರ್‌ಡ್ಯಾಮ್‌ನ ಅತಿ ಎತ್ತರದ ಕಟ್ಟಡ, 215 ಮೀಟರ್‌ನ ಜಾಲ್ಮ್‌ಹಾವನ್, ವಾಸದ ಕಟ್ಟಡವೇ. ಫ್ರಾಂಕ್‌ಫರ್ಟ್‌ನಲ್ಲಿ ಹೆನಿಂಗರ್ ಕಣಜವನ್ನು 2013ರಲ್ಲಿ ಕೆಡವಿದರು. ಅದೇ ಜಾಗದಲ್ಲಿ 140 ಮೀಟರ್‌ನ ಅಪಾರ್ಟ್‌ಮೆಂಟ್ ಎದ್ದಿದೆ. ಅದರ ತಲೆಯ ಮೇಲೆ, ಹಳೇ ಕಣಜದ ಮೇಲಿದ್ದಂಥದೇ ಒಂದು ಪೀಪಾಯಿಯ ಆಕಾರವನ್ನು ಮತ್ತೆ ಕೂರಿಸಿದ್ದಾರೆ.