ಬಟರ್‌ನಟ್ ಸೂಪ್: ನೀರಿನ ಲೆಕ್ಕ ತಪ್ಪಿದವಳ ಟಿಪ್ಪಣಿ

ನಮ್ಮ ಅಡುಗೆ ಕೋರ್ಸಿನ ಬ್ಯಾಚಿನಲ್ಲಿ ಕನ್ನಡದವರು ಮೂರೇ ಜನ. ಪಾಠ ಅರ್ಧ ಮರಾಠಿಯಲ್ಲಿ, ಅರ್ಧ ಹಿಂದಿಯಲ್ಲಿ. ಬಟರ್‌ನಟ್ ಅನ್ನುವ ಕುಂಬಳಕಾಯಿಯ ಕ್ರೀಮೀ ಸೂಪಿನ ಪಾಠ ಮುಗಿದ ದಿನ ಬಸ್ ಸ್ಟಾಪಿನಲ್ಲಿ ನಿಂತು, ಪ್ರಾಕ್ಟಿಕಲ್‌ಗೆ ಇದೇ ಬಂದರೆ ಏನು ಗತಿ ಅಂತ ಮೂವರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಪುಣೆಯ ಕರ್ವೇನಗರದ ನನ್ನ ರೂಮಿನಲ್ಲಿ ಈ ಸೂಪನ್ನು ನಾಲ್ಕು ಸಲ ಮಾಡಿದೆ. ಮೂರು ಸಲ ಕೆಟ್ಟಿತು. ನಾಲ್ಕನೆಯದು ಸರಿ ಬಂತು. ಯಾಕೆ ಬಂತು ಅನ್ನುವುದು ತಲೆಯಲ್ಲಿ ಇರುವಾಗಲೇ ಬರೆದಿಡುತ್ತಿದ್ದೇನೆ. ಈರುಳ್ಳಿ ಹೆಚ್ಚುವುದು, ಬೆಳ್ಳುಳ್ಳಿ ಸುಲಿಯುವುದು ಎಲ್ಲ ಇಲ್ಲಿಲ್ಲ. ಅದು ನಿಮಗೆ ನನಗಿಂತ ಚೆನ್ನಾಗಿ ಬರುತ್ತದೆ.

ಕ್ರೀಮ್ ಸೂಪೋ, ಪ್ಯೂರಿ ಸೂಪೋ

ಹೆಸರಲ್ಲಿ ಕ್ರೀಮೀ ಅಂತ ಇದ್ದರೂ ಇದು ಕ್ರೀಮ್ ಸೂಪಿನ ಜಾತಿಯಲ್ಲ. ಕ್ರೀಮ್ ಸೂಪಿಗೆ ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲು ಸೇರಿಸಿ ಬೆಶಮೆಲ್ ಮಾಡಿಕೊಳ್ಳಬೇಕು. ಮಂದ ಬರುವುದು ಅದರಿಂದ. ಪ್ಯೂರಿ ಸೂಪಿನಲ್ಲಿ ತರಕಾರಿಯೇ ಬೆಂದು, ನುಣ್ಣಗಾಗಿ ಮಂದ ಕೊಡುತ್ತದೆ. ಕುಂಬಳಕಾಯಿ ಈ ಎರಡನೇ ಗುಂಪು. ಕ್ಯಾರೆಟ್ಟಿನ ಕ್ರೆಸಿ ಸೂಪೂ ಇದೇ ಗುಂಪು. ಅದಕ್ಕೆ ಒಂದು ಚಮಚ ಅಕ್ಕಿ ಹಾಕಿ ಬೇಯಿಸುತ್ತಾರೆ, ಕುಂಬಳಕಾಯಿಗೆ ಅದೂ ಬೇಡ.

ನಾನು ಮೊದಲ ಸಲ ಎರಡನ್ನೂ ಕಲಸಿದೆ. ಸೂಪು ತೆಳ್ಳಗಾಯಿತು ಅಂತ ಗಾಬರಿಯಾಗಿ ಮೈದಾ ಹುರಿದು ಸುರಿದೆ. ಬಣ್ಣ ಮಂಕಾಯಿತು, ಬಾಯಲ್ಲಿ ಹಿಟ್ಟಿನ ಗಂಜಿ ಕುಡಿದ ಹಾಗಾಯಿತು. ಆಲೂಗಡ್ಡೆ ಹಾಕಿದರೆ ಮಂದ ಬರುತ್ತದೆ ಅಂತ ಯಾರಾದರೂ ಹೇಳಿದರೆ ಅದಕ್ಕೂ ಹೂಂ ಅನ್ನಬೇಡಿ. ಬೆಂದ ಆಲೂಗಡ್ಡೆ ಮಿಕ್ಸಿಯಲ್ಲಿ ತಿರುಗಿದರೆ ಅದರ ಪಿಷ್ಟ ಹೊರಬಂದು ಅಂಟಂಟಾಗುತ್ತದೆ. ಕುಂಬಳಕಾಯಿಗೆ ಆ ಕಾಟ ಇಲ್ಲ, ಎಷ್ಟು ಹೊತ್ತು ಬೇಕಾದರೂ ತಿರುಗಿಸಬಹುದು.

ಯಾವ ಕುಂಬಳಕಾಯಿ

ಬಟರ್‌ನಟ್ ಹುಡುಕಿಕೊಂಡು ಮಂಡಈಗೆ ಹೋಗಿದ್ದೆ. 1886ರಲ್ಲಿ ಕಟ್ಟಿದಾಗ ಅದರ ಹೆಸರು ರೇ ಮಾರ್ಕೆಟ್, ಈಗ ಮಹಾತ್ಮಾ ಫುಲೆ ಮಂಡಈ. ಎಂಟು ಮೂಲೆಯ ಆ ಕಲ್ಲಿನ ಕಟ್ಟಡದ ಒಳಗೆ ಎರಡು ಸುತ್ತು ಹಾಕಿದರೂ ಬಟರ್‌ನಟ್ ಕಣ್ಣಿಗೆ ಬೀಳಲಿಲ್ಲ. ಒಬ್ಬ ತರಕಾರಿ ಮಾವಶಿ ಹೋಳು ಮಾಡಿಟ್ಟ ಕುಂಬಳಕಾಯಿ ತೋರಿಸಿ, "ಹಾ ಘ್ಯಾ ಲಾಲ್ ಭೋಪಳಾ, ಏಕಚ್ ಆಹೇ" ಅಂದರು. ಲಾಲ್ ಭೋಪಳಾ ಅಂದರೆ ನಮ್ಮ ಸಿಹಿಗುಂಬಳ. ಎರಡೂ ಒಂದೇ, ಇದನ್ನೇ ತಗೊಳ್ಳಿ ಅಂತ. ನಾನೂ ನಂಬಿ ತಂದೆ.

ಮಾವಶಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಬಟರ್‌ನಟ್ ಹುಟ್ಟಿದ್ದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, 1940ರ ದಶಕದಲ್ಲಿ. ಅದರ ಜಾತಿ ಕುಕುರ್ಬಿಟಾ ಮೊಸ್ಕಾಟಾ. ನಮ್ಮ ಸಿಹಿಗುಂಬಳದ ಎಷ್ಟೋ ತಳಿಗಳೂ ಅದೇ ಜಾತಿ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಚಂದನ್ ಕೂಡ ಇದೇ ಜಾತಿಯದು. ಅಂದರೆ ಅಣ್ಣ ತಮ್ಮಂದಿರು. ಆದರೆ ಅಣ್ಣನ ಅಂಗಿ ತಮ್ಮನಿಗೆ ಸರಿಯಾಗುತ್ತದೆ ಅಂತ ಏನೂ ಇಲ್ಲ ಅಲ್ವಾ? ನನ್ನ ಸೂಪು ಹಳ್ಳ ಹಿಡಿದಿದ್ದು ಅಲ್ಲೇ.

ಎರಡನೇ ಸಲಕ್ಕೆ ನಿಜವಾದ ಬಟರ್‌ನಟ್ ಸಿಕ್ಕಿತು, ಬ್ರೊಕೊಲಿ, ಝುಕಿನಿ ಇಡುವ ಅಂಗಡಿಯಲ್ಲಿ. ಕತ್ತು ಉದ್ದ, ಬುಡ ಗುಂಡಗೆ, ಬಣ್ಣ ಗೋಧಿಯದು. ಬೀಜ ಎಲ್ಲ ಬುಡದಲ್ಲಿ, ಕತ್ತು ಪೂರ್ತಿ ತಿರುಳು. ಹಾಗಾಗಿ ಕತ್ತು ದಪ್ಪ ಇರುವುದನ್ನೇ ಆರಿಸಿ. ಸಿಪ್ಪೆ ತೆಳು, ಪೀಲರ್ ಸಾಕು. ಹೆರೆಯುವಾಗ ಒಂದು ಅಂಟು ಸೋರಿ ಬೆರಳ ಮೇಲೆ ಒಣಗಿ ಚರ್ಮ ಬಿಗಿಯುತ್ತದೆ. ನನಗೆ ಅಲರ್ಜಿ ಅಂತ ಹೆದರಿಕೆಯಾಗಿತ್ತು. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಹಚ್ಚಿಕೊಳ್ಳುವ ಹಾಗೆ ಇಲ್ಲೂ ಮೊದಲೇ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಮುಗಿಯಿತು.

ನೀರಿನ ಲೆಕ್ಕ (ನಾನು ಮುಗ್ಗರಿಸಿದ ಜಾಗ)

ನೋಟ್ಸಿನಲ್ಲಿ ಇದ್ದದ್ದು ಇಷ್ಟೇ: ಸಿಪ್ಪೆ, ಬೀಜ ತೆಗೆದ ಬಟರ್‌ನಟ್ 1 ಕೇಜಿ, ನೀರು ಅಥವಾ ಸ್ಟಾಕ್ (ತರಕಾರಿ ಬೇಯಿಸಿ ಸೋಸಿದ ನೀರು) 1 ಲೀಟರ್. ನಾನು ಲಾಲ್ ಭೋಪಳಾ 1 ಕೇಜಿಗೆ 1 ಲೀಟರ್ ನೀರು ಹಾಕಿದೆ. ಬಂದದ್ದು ಕೇಸರಿ ಬಣ್ಣದ ತಿಳಿಸಾರು. ಚಮಚದಿಂದ ಎತ್ತಿದರೆ ಸರ್‍ರನೆ ಇಳಿಯುತ್ತಿತ್ತು.

ತಪ್ಪು ಹುಡುಕಲು ಎರಡರ ನೀರಿನ ಅಂಶ ನೋಡಿದೆ. ಹಸಿ ಬಟರ್‌ನಟ್‌ನಲ್ಲಿ ನೂರಕ್ಕೆ ಸುಮಾರು 86 ಭಾಗ ನೀರು. ಸಾಮಾನ್ಯ ಕುಂಬಳಕಾಯಿಯಲ್ಲಿ ಸುಮಾರು 92. ನೋಡಿ ನಕ್ಕುಬಿಟ್ಟೆ. ಆರು ಭಾಗದ ವ್ಯತ್ಯಾಸಕ್ಕೆ ಸೂಪು ಸಾರಾಗುತ್ತದೆಯೇ? ಈ ಪ್ರಶ್ನೆಯಲ್ಲೇ ಎರಡು ದಿನ ಸಿಕ್ಕಿಕೊಂಡಿದ್ದೆ. ಹಾಗಾಗಿ ಇದನ್ನು ನಿಧಾನವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಲೆಕ್ಕವನ್ನು ಮಗುಚಿ ಹಾಕಿ. ನೀರು ಬಿಟ್ಟರೆ ಉಳಿಯುವುದೇ ಸರಕು. ನಾರು, ಪಿಷ್ಟ, ಸಕ್ಕರೆ ಎಲ್ಲ ಅದರಲ್ಲೇ. ಮಂದ ಕೊಡುವುದು ಆ ಸರಕು. ಬಟರ್‌ನಟ್‌ನಲ್ಲಿ ಸರಕು 14 ಭಾಗ. ಲಾಲ್ ಭೋಪಳಾದಲ್ಲಿ 8. ಈಗ ಹೇಳಿ, ವ್ಯತ್ಯಾಸ ಸಣ್ಣದೇ? ಹೆಚ್ಚುಕಡಿಮೆ ದುಪ್ಪಟ್ಟು!

ಈಗ 1 ಕೇಜಿ ಬಟರ್‌ನಟ್ ತಗೊಳ್ಳಿ. ಸರಕು 140 ಗ್ರಾಂ. 1 ಲೀಟರ್ ನೀರು ಸೇರಿದರೆ ಒಟ್ಟು 2 ಕೇಜಿ, ಅಂದರೆ ನೂರಕ್ಕೆ 7 ಭಾಗ ಸರಕು. ನೋಟ್ಸಿನ ಸೂಪು ಇದು. ಅದೇ 7 ಭಾಗ ಲಾಲ್ ಭೋಪಳಾದಲ್ಲಿ ಬರಬೇಕಾದರೆ? ಅದರ 1 ಕೇಜಿಯಲ್ಲಿ ಸರಕು 80 ಗ್ರಾಂ ಮಾತ್ರ. 80 ಗ್ರಾಂ ಅನ್ನುವುದು 7 ಭಾಗ ಆಗಬೇಕಾದರೆ ಒಟ್ಟು ಸೂಪು ಸುಮಾರು 1,140 ಗ್ರಾಂ ಇರಬೇಕು. ಅಂದರೆ ಒಂದು ಕೇಜಿಗೆ ನೀರು 140 ಎಂ.ಎಲ್. ನಾನು ಹಾಕಿದ್ದು 1,000!

ಇಷ್ಟಾದರೂ ನನ್ನ ತಲೆಗೆ ಇಳಿಯಲಿಲ್ಲ. ಕೊನೆಗೆ ಇಳಿದದ್ದು ಹಾಲಿನ ಲೆಕ್ಕದಲ್ಲಿ. ಹಾಲಿನವ ಮೊದಲೇ ನೀರು ಬೆರೆಸಿದ್ದಾನೆ ಅಂತ ಗೊತ್ತಿಲ್ಲದೆ ನಾವು ಚಹಾಕ್ಕೆ ಎಂದಿನಷ್ಟೇ ನೀರು ಹಾಕಿದರೆ ಏನಾಗುತ್ತದೆ? ಹಾಗೆಯೇ ಇದು. 1 ಕೇಜಿ ಲಾಲ್ ಭೋಪಳಾ ಅಂದರೆ ಸುಮಾರು 570 ಗ್ರಾಂ ಬಟರ್‌ನಟ್, ಅದಕ್ಕೆ ದೇವರೇ ಬೆರೆಸಿ ಕೊಟ್ಟ 430 ಗ್ರಾಂ ನೀರು. ಗುಣಿಸಿ ನೋಡಿ, ಸರಿಹೋಗುತ್ತದೆ.

ಇದರಿಂದ ಎರಡು ದಾರಿ. ಒಂದು, ನೀರನ್ನು ಹಾಕದೆಯೇ ಇರುವುದು. ಇನ್ನೊಂದು, ಇರುವ ನೀರನ್ನು ಮೊದಲು ಓಡಿಸಿ, ಆಮೇಲೆ ಸ್ಟಾಕ್ ಸೇರಿಸುವುದು. ರುಚಿ ಇರುವುದು ಎರಡನೆಯದರಲ್ಲಿ. ಓ.ಟಿ.ಜಿ.ಯಲ್ಲಿ (ಮನೆಯ ಚಿಕ್ಕ ಕರೆಂಟ್ ಓವನ್) 200 ಡಿಗ್ರಿ. ಬಟರ್‌ನಟ್ ಉದ್ದಕ್ಕೆ ಸೀಳಿ, ಬೀಜ ತೆಗೆದು, ಎಣ್ಣೆ ಸವರಿ, ಕತ್ತರಿಸಿದ ಮುಖ ಟ್ರೇಗೆ ತಾಗುವಂತೆ ಬೋರಲು ಇಡಿ. ಮುಕ್ಕಾಲು ಗಂಟೆ ಬೇಕು. ಚಾಕು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಬೇಕು, ಅಂಚು ಕಂದು ತಿರುಗಿರಬೇಕು. ಆ ಕಂದಿನಲ್ಲೇ ರುಚಿ. ಹೀಗೆ ಸುಡುವುದಾದರೆ ಸಿಪ್ಪೆ ಮೊದಲು ಹೆರೆಯುವ ಕೆಲಸವೂ ಉಳಿಯುತ್ತದೆ, ಬೆಂದ ಮೇಲೆ ಚಮಚದಿಂದ ತಿರುಳು ತೋಡಿದರಾಯಿತು. ಲಾಲ್ ಭೋಪಳಾ ಆದರೆ ಹೋಳು ಮಾಡಿ ಟ್ರೇಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಬಿಡಿ. ತೂಕ ಅರ್ಧಕ್ಕೆ ಹತ್ತಿರ ಇಳಿದರೂ ಹೆದರಬೇಡಿ, ನಮಗೆ ಬೇಕಾದದ್ದೇ ಅದು.

ಕುಕ್ಕರಿನಲ್ಲಿ ಬೇಯಿಸಿದರೆ ಆವಿ ಹೊರಗೆ ಹೋಗುವುದೇ ಕಡಿಮೆ. ಕುಂಬಳಕಾಯಿ ಬಿಟ್ಟ ನೀರೆಲ್ಲ ಒಳಗೇ ಉಳಿಯುತ್ತದೆ. ನನ್ನ ಎರಡನೇ ಸೋಲು ಇದು. ಬಟರ್‌ನಟ್ ನಿಜವಾದದ್ದೇ ಇತ್ತು, ಆದರೆ ಕುಕ್ಕರಿಗೆ ಅಭ್ಯಾಸ ಬಲದಿಂದ ಎರಡು ಲೋಟ ನೀರು ಸುರಿದು, ಆಮೇಲೆ ನೋಟ್ಸಿನ 1 ಲೀಟರನ್ನೂ ಸೇರಿಸಿದ್ದೆ.

ಫೋನಿನಲ್ಲಿ ಅವ್ವನಿಗೆ ಹೇಳಿದೆ. "ಅದಕ್ಕ ನೀರ್ ಯಾಕ ಹಾಕಿದಿ? ಗಾರಿಗಿ ಮಾಡೋ ಮುಂದ ನಾ ಎಂದರ ನೀರ್ ಹಾಕೇನೇನು? ಕುಂಬಳಕಾಯಿ ತನ್ನ ನೀರಾಗ ತಾನ ಬೇಯ್ತೈತಿ" ಅಂದಳು. ಹೌದಲ್ಲ! ಗಾರಿಗಿ ಅಂದರೆ ಕುಂಬಳಕಾಯಿ, ಬೆಲ್ಲದ ಸಿಹಿ ಪೂರಿ. ಧಾರವಾಡದ ಮನೆಯಲ್ಲಿ ತುರಿದ ಕುಂಬಳಕಾಯಿ, ಬೆಲ್ಲ ಬಾಣಲೆಗೆ ಬಿದ್ದರೆ ಮೊದಲು ನೀರಾಗುತ್ತದೆ, ಆಮೇಲೆ ಆ ನೀರು ಇಂಗಿದ ಮೇಲೇ ಗೋಧಿ ಹಿಟ್ಟು. ಮೇಲಿನ ಮನೆಯ ಓನರ್ ಆಜಿ ಅದನ್ನೇ ಘಾರಗೇ ಅನ್ನುತ್ತಾರೆ. ನಾನು ಎರಡು ದಿನ ಶೇಕಡಾ ಲೆಕ್ಕ ಹಾಕಿ ಹಿಡಿದದ್ದು ಬಾಣಲೆಯ ಮುಂದೆ ನಿಂತವರಿಗೆ ಮೊದಲೇ ಗೊತ್ತಿತ್ತು. ಓ.ಟಿ.ಜಿ. ಇಲ್ಲದವರಿಗೆ ಅವ್ವನ ದಾರಿಯೇ ದಾರಿ. ದಪ್ಪ ತಳದ ಬಾಣಲೆ, ಬೆಣ್ಣೆ, ಈರುಳ್ಳಿ ಬಣ್ಣ ತಿರುಗದಂತೆ ಬಾಡಿಸಿ, ಬೆಳ್ಳುಳ್ಳಿ, ಆಮೇಲೆ ಹೋಳು. ಹತ್ತು ನಿಮಿಷ ಮುಚ್ಚಿ, ಉಳಿದ ಹೊತ್ತು ತೆರೆದು. ಮೊದಲು ಉಪ್ಪು ಒಂದು ಚಿಟಿಕೆ ಹಾಕಿದರೆ ನೀರು ಬೇಗ ಬಿಡುತ್ತದೆ.

ನನ್ನ ಪ್ರೀತಿಯ ಉಪಾಯ ಇದು: ನೀರನ್ನು ಅಳೆಯಬೇಡಿ, ಪಾತ್ರೆಯನ್ನು ತೂಗಿ. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಳ್ಳಿ. ಹಸಿ ಬಟರ್‌ನಟ್ ತಿರುಳು 500 ಗ್ರಾಂ ಇದ್ದರೆ ಕೊನೆಯ ಸೂಪು ಸುಮಾರು 1 ಕೇಜಿ. ಲಾಲ್ ಭೋಪಳಾ 500 ಗ್ರಾಂ ಇದ್ದರೆ ಸುಮಾರು 570 ಗ್ರಾಂ. ನಡುವೆ ಎಷ್ಟು ನೀರು ಆವಿಯಾಯಿತು, ಎಷ್ಟು ಹಾಕಿದೆ ಎಂಬ ಚಿಂತೆಯೇ ಇಲ್ಲ. ಬಟರ್‌ನಟ್ ಸೂಪು 1 ಕೇಜಿ ಅಂದರೆ ನಾಲ್ಕು ಬೌಲ್.

ರುಬ್ಬುವುದು

ಮೂರನೇ ಸಲ ಕೆಟ್ಟದ್ದು ಸೂಪಲ್ಲ, ಗೋಡೆ. ಕುದಿಯುತ್ತಿದ್ದುದನ್ನು ಹಾಗೇ ಮಿಕ್ಸಿ ಜಾರಿಗೆ ಮುಕ್ಕಾಲು ತುಂಬಿ ಗುಂಡಿ ತಿರುಗಿಸಿದೆ. ಮುಚ್ಚಳ ಹಾರಿತು. ಒಂದು ಹನಿ ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ. ಬ್ಲೇಡು ಒಮ್ಮೆಲೇ ಕಲಕಿದಾಗ ಆವಿಯೂ ಬಿಸಿ ಗಾಳಿಯೂ ಸೇರಿ ಮುಚ್ಚಳವನ್ನು ತಳ್ಳುತ್ತವೆ. ಸದ್ದಿಗೆ ಆಜಿ ಇಳಿದು ಬಂದು ಗೋಡೆ ನೋಡಿ, "ಅಗ ಬಾಈ, ಹೋಳಿ ಖೇಳಲೀಸ್ ಕಾ?" ಅಂದರು. ಹೋಳಿ ಆಡಿದೆಯಾ ಅಂತ. ಕೈ ಸುಡಲಿಲ್ಲ, ಪುಣ್ಯ. ಈಗ ಉಗುರುಬೆಚ್ಚಗಾಗುವ ತನಕ ಕಾಯುತ್ತೇನೆ, ಜಾರಿನ ಮೂರನೇ ಒಂದು ಭಾಗ ಮಾತ್ರ ತುಂಬುತ್ತೇನೆ. ಮುಚ್ಚಳದ ನಡುವಿನ ಚಿಕ್ಕ ಬಿರಡೆ ತೆಗೆದು ಆ ತೂತಿನ ಮೇಲೆ ದಪ್ಪ ಬಟ್ಟೆ ಹಿಡಿದಿರುತ್ತೇನೆ.

ಇನ್ನು ನುಣುಪಿನ ಗುಟ್ಟು. ತೆಂಗಿನಕಾಯಿ ರುಬ್ಬುವಾಗ ಮೊದಲೇ ನೀರು ಸುರಿದರೆ ತರಿ ಉಳಿಯುತ್ತದೆ ಅಲ್ವಾ? ಚೂರುಗಳು ಬ್ಲೇಡಿಗೆ ಸಿಗದೆ ಈಜಾಡುತ್ತವೆ. ಇಲ್ಲೂ ಅಷ್ಟೇ. ಗಟ್ಟಿಯಾಗಿ, ಬ್ಲೇಡು ತಿರುಗಲು ಬೇಕಾದಷ್ಟೇ ಸ್ಟಾಕ್ ಹಾಕಿ ಎರಡು ನಿಮಿಷ ರುಬ್ಬಿ. ನುಣ್ಣಗಾದ ಮೇಲೆ ತೆಳ್ಳಗೆ ಮಾಡಿ. ಮಿಕ್ಸಿಯಿಂದ ಬಂದ ತಕ್ಷಣ ಬಣ್ಣ ಸ್ವಲ್ಪ ಬಿಳಚಿಕೊಂಡಿರುತ್ತದೆ, ಒಳಗೆ ಗಾಳಿಯ ಗುಳ್ಳೆ ಸಿಕ್ಕಿರುವುದಕ್ಕೆ. ಸಣ್ಣ ಉರಿಯಲ್ಲಿ ಐದು ನಿಮಿಷ ಇಟ್ಟರೆ ಬಣ್ಣ ಮರಳುತ್ತದೆ. ಪರೀಕ್ಷೆಗಾದರೆ ಜರಡಿಯಲ್ಲಿ ಸೋಸಿ. ಮನೆಗೆ ಸುಮ್ನೆ ಪಾತ್ರೆ ಹೆಚ್ಚು.

ಉಳಿದದ್ದು

ಕ್ರೀಮ್ ಒಲೆ ಆರಿಸಿದ ಮೇಲೆ, ನಾಲ್ಕು ಬೌಲಿಗೆ ಮೂರು ಚಮಚ. ಅಂಗಡಿಯ ಅಮುಲ್ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು 25 ಭಾಗ, ಹುಳಿ ಹಾಕಿ ಕುದಿಸಿದರೆ ಒಡೆಯಬಹುದು. ಅದಕ್ಕೇ ನಿಂಬೆರಸವನ್ನು ಕೊನೆಗೆ, ಬೌಲಿನಲ್ಲೇ, ನಾಲ್ಕೈದು ಹನಿ. ಅದಿಲ್ಲದಿದ್ದರೆ ಸೂಪು ಪಾಯಸದ ಕಡೆ ವಾಲುತ್ತದೆ. ಜಾಯಿಕಾಯಿ ಎರಡು ಸಲ ತುರಿದರೆ ಸಾಕು, ಮೂರನೇ ಸಲಕ್ಕೆ ಔಷಧಿ. ಬಿಳಿ ಮೆಣಸು. ಕ್ರೀಮ್ ಬೇಡದವರು ನೆನೆಸಿದ ಗೋಡಂಬಿ ಎಂಟು ರುಬ್ಬುವಾಗ ಹಾಕಿ.

ನೋಟ್ಸಿನಲ್ಲಿ ಮೇಲೆ ಹಾಕಲು ಥೈಮ್ ಅಂತಿದೆ. ನನ್ನ ಬಾಲ್ಕನಿಯಲ್ಲಿ ಇರುವುದು ದೊಡ್ಡಪತ್ರೆ. ಥೈಮಿನ ಘಮಕ್ಕೆ ಕಾರಣವಾದ ಥೈಮಾಲ್, ಕಾರ್ವಕ್ರಾಲ್ ಇದರಲ್ಲೂ ಸಿಗುತ್ತವೆ. ಎರಡು ಎಲೆ ಸಣ್ಣಗೆ ಹೆಚ್ಚಿ ತುಪ್ಪದಲ್ಲಿ ಗರಿಗರಿ ಮಾಡಿ ಹಾಕಿದೆ. ನನಗೆ ಥೈಮಿಗಿಂತ ಇದೇ ಹಿಡಿಸಿತು. ಪ್ರಾಕ್ಟಿಕಲ್‌ನಲ್ಲಿ ಮಾತ್ರ ಕೇಳಿಕೊಂಡು ಹಾಕಿ.

ಗಟ್ಟಿ ಪ್ಯೂರಿ ಒಂದು ಡಬ್ಬಿ ಫ್ರೀಜರಿನಲ್ಲಿ ಇಟ್ಟಿದ್ದೆ, ಬೇಕಾದಾಗ ತೆಳ್ಳಗೆ ಮಾಡಿಕೊಳ್ಳಲು. ಈರುಳ್ಳಿ, ಬೆಳ್ಳುಳ್ಳಿ ಸೇರಿಸುವ ಮೊದಲೇ ತೆಗೆದಿಟ್ಟದ್ದು. ಭಾನುವಾರ ಆಜಿ ಅದನ್ನು ಕೇಳಿ ತಗೊಂಡು ಹೋಗಿ ಘಾರಗೇ ಮಾಡಿದರು. ಬಟರ್‌ನಟ್‌ಗೆ ಹಿಟ್ಟು ಕಡಿಮೆ ಹಿಡಿಯಿತಂತೆ.